ಕಿವಿಯಿಂದ ಗದ್ದದವರೆಗೆ ಒಂದು ಗೆರೆ

ಡೊಂಬಿವಲಿ ಪೂರ್ವ
18 ಮೇ 2025

ಪ್ರೀತಿಯ ಅಂಬಾರಾಯ,

ನಾನು ಭೇಟಿಗೆ ಬರಲಿಲ್ಲ ಎಂದು ಮುನಿಸಿಕೊಳ್ಳಬೇಡ. ಖಾರಘರದಲ್ಲಿ ಹೊಸ ಸೊಸೈಟಿಯ ಕೆಲಸ ಹಿಡಿದಿದ್ದೇನೆ. ಮೂರು ಕಟ್ಟಡ, ಅರವತ್ತನಾಲ್ಕು ಕ್ಯಾಮೆರಾ, ತಲೆ ತಿನ್ನಲು ಒಬ್ಬ ಸೆಕ್ರೆಟರಿ. ಪ್ರತಿ ಕ್ಯಾಮೆರಾದಲ್ಲೂ ಅವನ ಕಾರು ಕಾಣಬೇಕಂತೆ. ಬೆಳಿಗ್ಗೆ ಆರರ ಲೋಕಲ್ ಹಿಡಿದು ಥಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹತ್ತುತ್ತೇನೆ, ಮನೆ ಸೇರುವಾಗ ಅನಸೂಯಾ ಪಾತ್ರೆ ತೊಳೆದಿಟ್ಟಿರುತ್ತಾಳೆ. ಅವಳು, ನಿನ್ನ ಅಕ್ಕ, ಪ್ರತಿ ಬುಧವಾರ ಬಂದು ಗಾಜಿನಾಚೆ ಕೂತು ನಿನ್ನ ಜೊತೆ ಮಾತಾಡಿ ಹೋಗುತ್ತಾಳಲ್ಲ, ಸದ್ಯಕ್ಕೆ ನಾನೂ ಬಂದೆ ಎಂದೇ ತಿಳಿದುಕೋ.

ಬೇಲ್ ಅರ್ಜಿ ಬಿದ್ದುಹೋಯಿತು. ಕಾನೂನು ನೆರವಿನಿಂದ ಸಿಕ್ಕ ವಕೀಲೆ ಅನಘ ಮೇಡಂ ನನ್ನನ್ನು ಕೂರಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ಏಪ್ರಿಲ್ 24ರ ಮಧ್ಯಾಹ್ನ ಎರಡೂವರೆಗೆ ನೀನು ಕೆಲಸ ಮಾಡುವ ಅಂಬರನಾಥದ ಗೋದಾಮಿನ ಬಾಗಿಲಿಗೆ ಒಂದು ಟೆಂಪೋ ಬಂತು. ಟೋಪಿ ಹಾಕಿದ ಒಬ್ಬ ಮನುಷ್ಯ ಎಂಟು ಸುರುಳಿ ತಾಮ್ರದ ತಂತಿ ಹೇರಿ, ಅದೇ ಟೆಂಪೋ ಹತ್ತಿ ಹೋದ. ಟೆಂಪೋ ಸಿಕ್ಕಿಲ್ಲ, ತಾಮ್ರ ಸಿಕ್ಕಿಲ್ಲ, ಸಿಕ್ಕಿದ್ದು ನೀನೊಬ್ಬನೇ. ಬೇರೆ ರಾಜ್ಯದವನು, ಬಿಟ್ಟರೆ ಊರಿಗೆ ಓಡಿಹೋಗುತ್ತಾನೆ ಎಂದು ಸರ್ಕಾರಿ ವಕೀಲ ವಾದಿಸಿದನಂತೆ. ಹದಿನಾಲ್ಕು ವರ್ಷದಿಂದ ಇಲ್ಲೇ ಮೂಟೆ ಎತ್ತುವವನು ಎಲ್ಲಿಗೆ ಓಡುತ್ತಾನೆ, ಆ ಮನುಷ್ಯನನ್ನೇ ಕೇಳಬೇಕು. ಕಲಬುರಗಿಯ ಕಡೆ ನಿನಗೀಗ ಒಂದು ಚಾಪೆಯ ಜಾಗವೂ ಇಲ್ಲ.

ಅವರ ಕೈಯಲ್ಲಿ ಇರುವುದು ಗೋದಾಮಿನ ಕ್ಯಾಮೆರಾದ ವೀಡಿಯೋ ಒಂದೇ, ಬೇರೆ ಸಾಕ್ಷಿಯೇ ಇಲ್ಲ. ಅದರಲ್ಲಿ ಇರುವವನು ನೀನಲ್ಲ ಎಂದು ತೋರಿಸಿಬಿಟ್ಟರೆ ಕೇಸೇ ನಿಲ್ಲುವುದಿಲ್ಲ ಎಂದರು ಮೇಡಂ. ಸುಲೋಚನಾಳನ್ನೂ ಅಪ್ಪಿಯನ್ನೂ ನಮ್ಮ ಖೋಲಿಗೇ ಕರೆದುಕೊಂಡು ಬಂದಿದ್ದೇವೆ. ಹೆಂಡತಿ ಮಗುವಿನ ಚಿಂತೆ ಬಿಡು, ಹೊಟ್ಟೆಗೆ ಸರಿಯಾಗಿ ಹಾಕಿಕೋ.

ನಿನ್ನ ಭಾವ,
ಗುರುನಾಥ


ಕಾರಾಗೃಹ, ಕಲ್ಯಾಣ
4 ಜೂನ್ 2025

ಭಾವನಿಗೆ ನಮಸ್ಕಾರ.

ನಿನ್ನ ಪತ್ರ ಹನ್ನೆರಡು ದಿನ ಆಫೀಸಿನಲ್ಲೇ ಕೂತಿತ್ತು. ಇಲ್ಲಿ ಪ್ರತಿ ಕಾಗದವನ್ನೂ ಓದಿಯೇ ಕೊಡುವುದು. ಕನ್ನಡ ಬರುವವನು ಅಕ್ಕಲಕೋಟೆಯ ಕಡೆಯ ಒಬ್ಬನೇ ಸಿಪಾಯಿ, ಅವನ ಡ್ಯೂಟಿ ಬರಬೇಕು. ಕೊಡುವಾಗ ನಗುತ್ತ, "ನಿಮ್ಮ ಭಾವ ಭಾಳ ಚಂದ ಬರೀತಾನ ಬಿಡಪಾ, ಆದ್ರ ಬರೋದ್ ಮಾತ್ರ ಬರಂಗಿಲ್ಲ" ಅಂದ. ನನಗೆ ಸಿಟ್ಟಿಲ್ಲ, ಅವನಿಗೇ ಇದ್ದಂತಿದೆ.

ಆ ಮಧ್ಯಾಹ್ನ ನಾನು ಎಲ್ಲಿದ್ದೆ ಎಂದು ನೂರು ಸಲ ಹೇಳಿದ್ದೇನೆ. ಊಟ ಮುಗಿಸಿ ಹಿಂದಿನ ಶೆಡ್ಡಿನಲ್ಲಿ ಖಾಲಿ ಗೋಣಿಚೀಲದ ಮೇಲೆ ಮಲಗಿದ್ದೆ. ಆ ಶೆಡ್ಡಿಗೆ ಕ್ಯಾಮೆರಾ ಇಲ್ಲ. ನೀನು ಎಂಟು ಕ್ಯಾಮೆರಾ ಹಾಕೋಣ ಎಂದಿದ್ದೆ, ಗೋದಾಮಿನ ಸೇಠ್ ನಾಲ್ಕು ಸಾಕು ಎಂದ. ನಿದ್ದೆ ಮಾಡಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಪೊಲೀಸರು ವೀಡಿಯೋ ನಿಲ್ಲಿಸಿ ಒಂದು ದೊಡ್ಡ ಕಾಗದದ ಮೇಲೆ ಫೋಟೊ ತೆಗೆಸಿದ್ದಾರೆ. ಮೊದಲ ದಿನವೇ ನನ್ನ ಮುಂದೆ ಹಿಡಿದರು. ಟೋಪಿಯಿಂದಾಗಿ ಕಣ್ಣು ಕಾಣುವುದಿಲ್ಲ. ಮೂಗು ಯಾರದಾದರೂ ಆಗಬಹುದು. ಆದರೆ ಎಡಗೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ಬಿಳಿ ಗೆರೆ ಇದೆ. ಕಲ್ಯಾಣದ ಮಂಡಿಯಲ್ಲಿ ಮೂಟೆ ಎಳೆಯುವ ಕೊಕ್ಕೆ ಬಡಿದು ನನಗೆ ಆದ ಗಾಯವೂ ಅಲ್ಲೇ ಇದೆ. ಸಾಹೇಬ ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನ ಕೆನ್ನೆ ನೋಡಿದ, ಕಾಗದ ಮಡಚಿಟ್ಟ. ಆಮೇಲೆ ನನ್ನ ಮಾತು ಯಾರೂ ಕೇಳಲಿಲ್ಲ.

ಭಾವ, ನಿನಗೆ ಕ್ಯಾಮೆರಾ ಗೊತ್ತು. ಒಂದೇ ಪ್ರಶ್ನೆ. ಇಲ್ಲದ ಗೆರೆಯನ್ನು ಕ್ಯಾಮೆರಾ ಎಳೆಯುತ್ತದೆಯೇ? ಇಲ್ಲಿ ಎಲ್ಲರೂ ಸಾಧ್ಯವೇ ಇಲ್ಲ ಅನ್ನುತ್ತಾರೆ. ನೀನು ಹೇಳಿದರೆ ನಂಬುತ್ತೇನೆ.

ಅಂಬಾರಾಯ


ಡೊಂಬಿವಲಿ ಪೂರ್ವ
29 ಜೂನ್ 2025

ಅಂಬಾರಾಯ,

ಎಳೆಯುತ್ತದೆ.

ಇದನ್ನು ಬರೆಯಲು ಇಪ್ಪತ್ತು ದಿನ ಹಿಡಿಯಿತು. ಎರಡು ಕಾಗದ ಹರಿದು ಹಾಕಿದೆ. ಈಗ ಇರುವುದನ್ನು ಇರುವ ಹಾಗೇ ಹೇಳಿಬಿಡುತ್ತೇನೆ.

ಕ್ಯಾಮೆರಾಗಳ ರೆಕಾರ್ಡರ್ ಪೆಟ್ಟಿಗೆಯ ಮೆನುವಿನಲ್ಲಿ ಶಾರ್ಪ್‌ನೆಸ್ ಎಂದು ಒಂದು ಪಟ್ಟಿ ಇದೆ, ಸೊನ್ನೆಯಿಂದ ನೂರರವರೆಗೆ. ಕಂಪನಿಯವರು ಐವತ್ತಕ್ಕೆ ಇಟ್ಟು ಕಳಿಸುತ್ತಾರೆ. ಜನ ಏನು ತಿಳಿದಿದ್ದಾರೆಂದರೆ, ಅದನ್ನು ಏರಿಸಿದಷ್ಟೂ ಕಾಣದ್ದೆಲ್ಲ ಕಾಣುತ್ತದೆ ಎಂದು. ಒಂದು ಕೂದಲೂ ಹೊಸದಾಗಿ ಕಾಣುವುದಿಲ್ಲ. ಬೆಳಕೂ ನೆರಳೂ ಕೂಡುವ ಅಂಚನ್ನು ಅದು ಹುಡುಕುತ್ತದೆ. ಹುಡುಕಿ, ಬೆಳಕಿನ ಬದಿಗೆ ಇನ್ನಷ್ಟು ಬಿಳಿ, ನೆರಳಿನ ಬದಿಗೆ ಇನ್ನಷ್ಟು ಕಪ್ಪು ಬಳಿಯುತ್ತದೆ. ನೋಡುವವನಿಗೆ ಚಿತ್ರ ಚುರುಕಾಯಿತು ಅನ್ನಿಸುತ್ತದೆ. ಗೋದಾಮಿನ ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ಅಡ್ಡಲಾಗಿ ಬೀಳುತ್ತದೆ, ನಿನಗೇ ಗೊತ್ತಿದೆ. ಅಲ್ಲಿ ನಿಂತವನ ಕೆನ್ನೆಗೆ ಬಿಸಿಲು, ದವಡೆಯ ಕೆಳಗೆ ನೆರಳು. ಎರಡೂ ಸೇರುವುದು ಕಿವಿಯಿಂದ ಗದ್ದದವರೆಗೆ. ಶಾರ್ಪ್‌ನೆಸ್ ನೂರಕ್ಕೆ ಇದ್ದರೆ ಅಲ್ಲಿ ಬಿಳಿ ಗೆರೆ ಬೀಳದೆ ಇರುವುದೇ ಇಲ್ಲ.

ಆ ಕ್ಯಾಮೆರಾದಲ್ಲಿ ಅದು ನೂರಕ್ಕೇ ಇದೆ. ಇಟ್ಟವನು ನಾನು.

ಡೆಮೋ ಕೊಡುವಾಗ ನಾವು ಎಲ್ಲರೂ ಹೀಗೇ ಮಾಡುತ್ತೇವೆ. ಐವತ್ತರಲ್ಲಿಟ್ಟು ತೋರಿಸಿದರೆ ಗಿರಾಕಿ ಮುಖ ಸೊಟ್ಟಗೆ ಮಾಡುತ್ತಾನೆ. ನೂರಕ್ಕೆ ಏರಿಸಿದರೆ, "ವಾಹ್, ಏಕ್‌ದಮ್ ಕ್ಲಿಯರ್" ಅನ್ನುತ್ತಾನೆ. ಡೆಮೋ ಆದ ಮೇಲೆ ಇಳಿಸಬೇಕು. ಇಳಿಸಿದರೆ ಮರುದಿನವೇ ಫೋನು, ಕ್ಯಾಮೆರಾ ಮಂಜಾಯಿತು ಬಾ ಎಂದು. ಅದಕ್ಕೇ ಬಿಟ್ಟುಬರುತ್ತೇವೆ. ಇದು ತಪ್ಪು ಎಂದು ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಮದುವೆ ವೀಡಿಯೋ ತೆಗೆಯುತ್ತಿದ್ದ ಕಾಲದಲ್ಲಿ ನನ್ನ ಗುರು ಹಯಗ್ರೀವರು ಬೈದು ಕಲಿಸಿದ್ದರು. ಆಗಿನ ಕ್ಯಾಮೆರಾದಲ್ಲಿ ಅದಕ್ಕೆ ಡೀಟೇಲ್ ಎಂದು ಹೆಸರು. ಒಂದು ಮದುವೆಯಲ್ಲಿ ನಾನು ಅದನ್ನು ಪೂರ್ತಿ ಏರಿಸಿದ್ದೆ. ಅವರು ಟಿವಿಯಲ್ಲಿ ನೋಡಿ ಹಣೆ ಚಚ್ಚಿಕೊಂಡರು: "ಎಂತ ಮಾರಾಯ, ಮದುಮಗಳ ಮುಖಕ್ಕೆ ಸುಣ್ಣದಲ್ಲಿ ಗೆರೆ ಎಳ್ದಿದ್ದೀಯಲ್ಲ! ಡೀಟೇಲ್ ಕಡಿಮೆ ಇದ್ರೆ ಆಮೇಲೆ ಏರಿಸ್ಲಿಕ್ಕೆ ಆಗ್ತದೆ. ಒಮ್ಮೆ ಕ್ಯಾಸೆಟ್ಟಿಗೆ ಬಿದ್ದ ಗೆರೆ ತೆಗೀಲಿಕ್ಕೆ ದೇವ್ರಿಗೂ ಆಗುದಿಲ್ಲ." ಇಪ್ಪತ್ತು ವರ್ಷದ ಹಿಂದಿನ ಬೈಗುಳ, ಇವತ್ತಿಗೂ ಕಿವಿಯಲ್ಲಿದೆ. ಇದ್ದೂ ಸೇಠನ ಗೋದಾಮಿನಲ್ಲಿ ನೂರಕ್ಕೆ ಏರಿಸಿ, "ನೋಡಿ ಸೇಠ್, ಕಳ್ಳ ಬಂದರೆ ಅವನ ಮುಖದ ಮಚ್ಚೆಯೂ ಕಾಣಬೇಕು" ಎಂದು ಜಂಬ ಕೊಚ್ಚಿದೆ.

ನಾನು ಭೇಟಿಗೆ ಬಾರದ್ದು ಖಾರಘರದ ಕೆಲಸದಿಂದಲ್ಲ. ನಿನ್ನ ಮುಖ ನೋಡಿ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಗುರುನಾಥ


ಕಾರಾಗೃಹ, ಕಲ್ಯಾಣ
20 ಜುಲೈ 2025

ಭಾವ,

ಕ್ಯಾಮೆರಾ ನಿನ್ನದೆಂದು ನನಗೆ ಹೊಸದಾಗಿ ಹೇಳುತ್ತೀಯಲ್ಲ. ಅವತ್ತು ಏಣಿ ಹಿಡಿದು ನಿಂತವನು ನಾನೇ. "ಬಿಗಿಯಾಗಿ ಹಿಡಿಯೋ, ಬಿದ್ದರೆ ನಿನ್ನ ಅಕ್ಕ ವಿಧವೆಯಾಗ್ತಾಳೆ" ಎಂದು ನೀನು ಮೇಲಿನಿಂದ ಕೂಗುತ್ತಿದ್ದೆ. ಅದು ಗೆರೆ ಎಳೆಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಮೂರು ತಿಂಗಳಿಂದ ನನ್ನ ತಲೆ ಕೆಟ್ಟಿತ್ತು. ನಿದ್ದೆಯಲ್ಲಿ ಎದ್ದು ಹೋಗಿ ನಾನೇ ಏನಾದರೂ ಮಾಡಿದೆನೇ ಎಂದೂ ಯೋಚಿಸಿದ್ದಿದೆ. ನಗಬೇಡ.

ಹೊರಗಿರುವವನು ನೀನು. ಅದನ್ನು ಮಾಡಿ ತೋರಿಸು. ಅದೇ ಕ್ಯಾಮೆರಾ, ಅಂಥದೇ ಬಿಸಿಲು, ಬೇರೆ ಯಾರನ್ನಾದರೂ ನಿಲ್ಲಿಸು. ಗಾಯವಿಲ್ಲದವನ ಕೆನ್ನೆಗೆ ಗೆರೆ ಬಿದ್ದರೆ ಅನಘ ಮೇಡಂಗೆ ಕೊಡು. ಬಾಯಿಮಾತು ಇಲ್ಲಿ ನಡೆಯುವುದಿಲ್ಲ, ಕಾಗದದ ಮೇಲೆ ಬೇಕು.

ಇನ್ನೊಂದು ವಿಷಯ. ಮೊನ್ನೆ ಸುಲೋಚನಾ ಬಂದಿದ್ದಳು. ಅವಳ ಕಿವಿಗೆ ಒಂದು ಮಾತು ಬಿದ್ದಿದೆಯಂತೆ. ಸೇಠನ ಮಗ ಪೊಲೀಸರಿಗೆ, "ಇವನ ಸ್ವಂತ ಭಾವನೇ ಗುರುತು ಹಿಡಿದಿದ್ದಾನೆ" ಎಂದು ಹೇಳಿದ್ದಾನಂತೆ. ನಾನು ಅವಳಿಗೆ ಬೈದೆ. "ಅವ್ರು ದೊಡ್ಡೋರು, ಏನಾರ ಕಟ್ಟಿ ಹೇಳ್ತಾರ. ನೀ ಅದನ್ನ ನಂಬತೀ ಏನ್?" ಅಂದೆ. ಅದು ಸುಳ್ಳು ಎಂದು ಒಂದು ಸಾಲು ಬರೆದು ಕಳಿಸು. ಅವಳಿಗೆ ತೋರಿಸಬೇಕು.

ಅಂಬಾರಾಯ


ಡೊಂಬಿವಲಿ ಪೂರ್ವ
5 ಸೆಪ್ಟೆಂಬರ್ 2025

ಪ್ರೀತಿಯ ಅಂಬಾರಾಯ,

ಪತ್ರ ತಡವಾಯಿತು. ಈ ಸಲದ ಮಳೆ ಬಿಡಲೊಲ್ಲದು. ಕಲ್ಯಾಣ-ಡೊಂಬಿವಲಿ ಹಳಿಯ ಮೇಲೆ ಎರಡು ಸಲ ನೀರು ನಿಂತಿತು, ಒಂದು ದಿನ ಠಾಕುರ್ಲಿಯಲ್ಲಿ ಇಳಿದು ನಡೆದುಕೊಂಡೇ ಬಂದೆ. ಕ್ಯಾಮೆರಾ ಕೆಟ್ಟವೆಂದು ಎಲ್ಲ ಸೊಸೈಟಿಗಳಿಂದಲೂ ಫೋನು.

ನೀನು ಹೇಳಿದ ಕೆಲಸ ಮರೆತಿಲ್ಲ. ಗೋದಾಮಿಗೆ ಹೋದೆ. ಸೇಠನ ಮಗ ಗೇಟಿನಲ್ಲೇ ನಿಲ್ಲಿಸಿ, "ಅಂದರ್ ನಹೀ ಆನೇ ಕಾ" ಅಂದ. ಬೇರೆ ಯಾರೋ ಇನ್‌ಸ್ಟಾಲೇಶನ್‌ನವನನ್ನು ಕರೆಸಿ ಹೊಸ ಕ್ಯಾಮೆರಾ ಹಾಕಿಸಿದ್ದಾನೆ. ಹಳೆಯ ರೆಕಾರ್ಡರ್ ಪೆಟ್ಟಿಗೆ ಪೊಲೀಸರ ಬಳಿ ಸೀಲಾಗಿ ಕೂತಿದೆ. ಸೀಲಾದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ, ನಾನು ಇಟ್ಟ ನೂರು ಅದರೊಳಗೆ ಹಾಗೇ ಇರುತ್ತದೆ.

ಹಯಗ್ರೀವರ ಬಳಿ ಹೋಗಿ ಎಲ್ಲ ಹೇಳಿದೆ. ಅವರಿಗೀಗ ಎಪ್ಪತ್ತು, ಸ್ಟುಡಿಯೋ ಮುಚ್ಚಿ ಮಗನಿಗೆ ಜೆರಾಕ್ಸ್ ಅಂಗಡಿ ಮಾಡಿಕೊಟ್ಟಿದ್ದಾರೆ. ಹತ್ತು ನಿಮಿಷ ಬೈದರು, ಆಮೇಲೆ ಚಹಾ ತರಿಸಿದರು. ಅದೇ ಮಾಡೆಲ್ ಕ್ಯಾಮೆರಾ ನನ್ನ ಹತ್ತಿರ ಇನ್ನೊಂದಿದೆ. ಅವರ ಅಂಗಡಿಯ ಶಟರ್ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಬಿಸಿಲು ಹಾಗೇ ಬೀಳುತ್ತದೆ. ಆದರೆ ಬಿಸಿಲು ಎಲ್ಲಿದೆ? ಜೂನ್‌ನಿಂದ ಮೋಡವೇ. ಪ್ರತಿ ಭಾನುವಾರ ಕ್ಯಾಮೆರಾ ಹೊತ್ತು ಹೋಗುತ್ತೇನೆ, ಇಬ್ಬರೂ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತೇವೆ, ವಾಪಸ್ಸು ಬರುತ್ತೇನೆ. ನೀನು ಒಳಗೆ ದಿನ ಎಣಿಸುತ್ತಿರುವಾಗ ನಾನು ಹೊರಗೆ ಬಿಸಿಲಿಗೆ ಕಾಯುತ್ತ ಕೂತಿದ್ದೇನೆ, ಬೇರೇನೂ ಮಾಡಲು ತೋಚುವುದಿಲ್ಲ.

ಅಪ್ಪಿ ಬಾಲವಾಡಿಗೆ ಹೋಗುತ್ತಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ನಿನ್ನ ಭಾವ,
ಗುರುನಾಥ


ಕಾರಾಗೃಹ, ಕಲ್ಯಾಣ
22 ಸೆಪ್ಟೆಂಬರ್ 2025

ಭಾವ,

ಮಳೆಯ ಸುದ್ದಿ ತಿಳಿಯಿತು. ನಮ್ಮ ಬ್ಯಾರಕ್ಕೂ ಸೋರುತ್ತದೆ.

ನಾನು ಒಂದು ಸಾಲು ಕೇಳಿದ್ದೆ. ನೀನು ಎರಡು ಪುಟ ಬರೆದೆ, ಆ ಸಾಲು ಅದರಲ್ಲಿ ಇಲ್ಲ. ಎರಡು ಸಲ ಓದಿದೆ. ಸಿಪಾಯಿಯೂ ಓದಿದ, ಈ ಸಲ ನಗದೆ ಕೊಟ್ಟು ಹೋದ.

ಅಂಬಾರಾಯ


ಡೊಂಬಿವಲಿ ಪೂರ್ವ
14 ಅಕ್ಟೋಬರ್ 2025

ಅಂಬಾರಾಯ,

ಮೊದಲು ಕೆಲಸದ ಮಾತು ಬರೆಯುತ್ತೇನೆ. ಅದು ಓದಿಯಾದ ಮೇಲೆ ಉಳಿದದ್ದು ಓದು.

ಮೊನ್ನೆ ಭಾನುವಾರ ಬಿಸಿಲು ಬಂತು. ಎರಡೂವರೆಗೆ ಸರಿಯಾಗಿ ಶಟರ್ ಮುಂದೆ ಮೂವರು ನಿಂತೆವು: ನಾನು, ನಿನ್ನ ಜೊತೆ ಲೋಡ್ ಎತ್ತುತ್ತಿದ್ದ ಜಟ್ಟೆಪ್ಪ, ಹಯಗ್ರೀವರು. ಮೂವರಿಗೂ ಟೋಪಿ. ಮೂವರ ಕೆನ್ನೆಯ ಮೇಲೂ ಒಂದು ಗೀರಿಲ್ಲ. ಕ್ಯಾಮೆರಾ ಹನ್ನೊಂದು ಅಡಿ ಮೇಲೆ, ಗೋದಾಮಿನಲ್ಲಿ ಇದ್ದಷ್ಟೇ. ಶಾರ್ಪ್‌ನೆಸ್ ಮೊದಲು ಸೊನ್ನೆ, ಆಮೇಲೆ ಐವತ್ತು, ಆಮೇಲೆ ನೂರು. ಒಂದೊಂದರಲ್ಲೂ ಒಬ್ಬೊಬ್ಬರೂ ನಡೆದು ಬಂದು, ತಿರುಗಿ, ಮೂಟೆ ಎತ್ತಿದ ಹಾಗೆ ಮಾಡಿ ಹೋದೆವು. ರಸ್ತೆಯಲ್ಲಿ ಹೋಗುವವರು ಇದೇನು ನಾಟಕ ಎಂದು ನಿಂತು ನೋಡಿದರು.

ಒಳಗೆ ಹೋಗಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಸೊನ್ನೆಯಲ್ಲಿ ಮುಖ ಮೆತ್ತಗೆ, ಅಷ್ಟು ದೂರದಿಂದ ಯಾರೆಂದು ಹೇಳಲು ಆಗುವುದಿಲ್ಲ. ಐವತ್ತರಲ್ಲಿ ಟೋಪಿಯ ಅಂಚು ಕಾಣುತ್ತದೆ, ಮುಖ ಹಾಗೇ. ನೂರರಲ್ಲಿ ಎಲ್ಲ ಎದ್ದು ನಿಂತಂತೆ ಕಾಣುತ್ತದೆ, ಮೂವರ ಎಡಗೆನ್ನೆಗೂ ಕಿವಿಯಿಂದ ಗದ್ದದವರೆಗೆ ಬಿಳಿ ಗೆರೆ ಇದೆ. ಜಟ್ಟೆಪ್ಪ ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡ. "ಇದೇನ್ರಿ, ನನಗೂ ಬಡದಂಗ ಆಗ್ಯಾದಲ್ರಿ!" ಅಂದ. ಹಯಗ್ರೀವರು ಕನ್ನಡಕ ಏರಿಸಿ, "ಎಪ್ಪತ್ತನೇ ವಯಸ್ಸಲ್ಲಿ ನಾನೂ ಗೂಂಡಾ ಆದೆ ಮಾರಾಯ" ಎಂದರು. ನಕ್ಕೆವು. ಒಂಬತ್ತು ಚಿತ್ರಗಳನ್ನೂ ಪ್ರಿಂಟ್ ತೆಗೆಸಿ ಅನಘ ಮೇಡಂಗೆ ಕೊಟ್ಟಿದ್ದೇನೆ.

ಈಗ ನೀನು ಕೇಳಿದ ಸಾಲು. ಅದು ಸುಳ್ಳಲ್ಲ.

ಏಪ್ರಿಲ್ 25ರ ಬೆಳಿಗ್ಗೆ ಸೇಠ್ ಫೋನು ಮಾಡಿದ. ರೆಕಾರ್ಡರಿನ ಪಾಸ್‌ವರ್ಡ್ ಮರೆತಿದ್ದ. ನಾನು ಹೋಗಿ ತೆರೆದುಕೊಟ್ಟೆ, ಹಿಂದಿನ ದಿನದ ವೀಡಿಯೋ ಹುಡುಕಿ ಆ ಜಾಗದಲ್ಲಿ ನಿಲ್ಲಿಸಿದ್ದೂ ನಾನೇ. ಸೇಠ್ ನನ್ನ ಬೆನ್ನು ತಟ್ಟಿ, "ಕ್ಯಾ ಕ್ಲಿಯರ್ ಆಯಾ ಹೈ, ಗುರು!" ಎಂದ. ಹೇಳಲು ನಾಲಿಗೆ ಏಳುವುದಿಲ್ಲ ಅಂಬಾರಾಯ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ನನ್ನ ಕ್ಯಾಮೆರಾ ಕಳ್ಳನನ್ನು ಹಿಡಿಯಿತು ಎಂದು. ಅವನ ಮಗ ಗೆರೆಯ ಮೇಲೆ ಬೆರಳಿಟ್ಟು, "ಯೇ ತೇರೀ ಬೀವೀ ಕಾ ಭಾಯಿ ಹೈ ನಾ?", ಇವನು ನಿನ್ನ ಹೆಂಡತಿಯ ತಮ್ಮನಲ್ಲವೇ ಎಂದು ಕೇಳಿದ. ನಾನು ಬಗ್ಗಿ ನೋಡಿದೆ. ಗೆರೆ ಕಂಡಿತು. "ಹಾಂ, ವಹೀ ಲಗತಾ ಹೈ" ಅಂದೆ, ಅವನೇ ಇದ್ದ ಹಾಗಿದೆ ಎಂದು.

ಶಾರ್ಪ್‌ನೆಸ್ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಆ ಕ್ಷಣ ನನಗೇ ಅದು ಹೊಳೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ, ಗಾಡಿ ಉಲ್ಲಾಸನಗರ ದಾಟುವಾಗ ಹೊಳೆಯಿತು. ಇಳಿದು ವಾಪಸ್ಸು ಹೋದೆ. ಅಷ್ಟು ಹೊತ್ತಿಗೆ ಅವರು ವೀಡಿಯೋವನ್ನು ಪೊಲೀಸರಿಗೆ ಕೊಟ್ಟಾಗಿತ್ತು. ಆ ಗೆರೆ ಕ್ಯಾಮೆರಾ ಎಳೆದದ್ದು ಎಂದೆ. "ಅಬ್ ಘರ್‌ವಾಲೀ ಕಾ ಡರ್ ಲಗಾ ಕ್ಯಾ?", ಈಗ ಹೆಂಡತಿಯ ಹೆದರಿಕೆಯೇ ಎಂದು ನಗಾಡಿದರು. ಅನಸೂಯಾಳಿಗೆ ಇದನ್ನು ನಿನ್ನೆ ಹೇಳಿದೆ. ಅವಳು ಸುಲೋಚನಾಳ ಪಕ್ಕಕ್ಕೆ ಚಾಪೆ ಎಳೆದುಕೊಂಡು ಮಲಗಿದಳು. ಇವತ್ತೂ ನನ್ನ ಜೊತೆ ಮಾತಿಲ್ಲ.

ಗುರುನಾಥ


ಕಾರಾಗೃಹ, ಕಲ್ಯಾಣ
10 ನವೆಂಬರ್ 2025

ಭಾವ,

ನಿನ್ನ ಪತ್ರ ಓದಿ ಹದಿನೈದು ದಿನ ಪೆನ್ನು ಮುಟ್ಟಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದೆ, ಗೋಡೆಗೆ. ನೀನು ಎದುರಿಗಿದ್ದರೆ ಹೊಡೆಯುತ್ತಿದ್ದೆ. ಆಮೇಲೆ ಸಿಟ್ಟು ಉಳಿಯಲಿಲ್ಲ. ಉಳಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅಕ್ಕನಿಗೆ ಹೇಳಿದ್ದೇನೆ, ಮಾತು ಬಿಡಬೇಡ ಎಂದು. ಅವಳು ನನ್ನ ಮಾತು ಕೇಳುತ್ತಾಳೋ ಇಲ್ಲವೋ ನೀನೇ ನೋಡಿಕೋ.

ದೀಪಾವಳಿ ಆದ ಮರುದಿನ ಸುಲೋಚನಾ ಅಪ್ಪಿಯನ್ನು ಕರೆದುಕೊಂಡು ಬಂದಿದ್ದಳು. ಹೊಸ ಫ್ರಾಕು ಹಾಕಿದ್ದಳು. ಗಾಜಿನ ಆಚೆ ಅವಳು, ಈಚೆ ನಾನು. ಆರು ತಿಂಗಳಲ್ಲಿ ಗಡ್ಡ ಬಿಟ್ಟಿದ್ದೇನೆ, ಸೊರಗಿದ್ದೇನೆ. ಸುಲೋಚನಾ ಫೋನನ್ನು ಅವಳ ಕಿವಿಗೆ ಹಿಡಿದಳು. ನಾನು, "ಅಪ್ಪಿ, ಹ್ಯಾಂಗಿದ್ದೀ ನನ್ನವ್ವಾ?" ಅಂದೆ. ಅವಳು ನನ್ನನ್ನೇ ನೋಡುತ್ತ ತಾಯಿಯನ್ನು ಕೇಳಿದಳು: "ಮಮ್ಮೀ, ಪಪ್ಪಾ ಕಿಧರ್ ಹೈ?" ಸುಲೋಚನಾ ತೋರಿಸಿದಳು. ಅಪ್ಪಿ ಇನ್ನೊಮ್ಮೆ ನೋಡಿ ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ, ಸಮಯ ಮುಗಿಯುವ ಮೊದಲೇ ಎದ್ದು ಒಳಗೆ ಬಂದೆ.

ಇಲ್ಲಿ ಎಲ್ಲರೂ ಒಂದೇ ಬುದ್ಧಿ ಹೇಳುತ್ತಾರೆ. ತಪ್ಪು ಒಪ್ಪಿಕೋ, ಇಷ್ಟು ದಿನ ಒಳಗಿದ್ದದ್ದನ್ನೇ ಶಿಕ್ಷೆ ಎಂದು ಹಿಡಿದು ಬಿಟ್ಟುಬಿಡುತ್ತಾರೆ ಎಂದು. ನನ್ನ ಪಕ್ಕದಲ್ಲಿ ಮಲಗುವವನು ಹಾಗೇ ಹೋದ, ಮಾಡದ ತಪ್ಪಿಗೆ. ಹೋಗುವಾಗ ನಗುತ್ತ ಹೋದ. ನಾನು ಇದುವರೆಗೆ ಇಲ್ಲ ಅಂದಿದ್ದೇನೆ. ಆ ಒಂಬತ್ತು ಚಿತ್ರಗಳಿಂದ ಏನಾದರೂ ಆಗುತ್ತದೆ ಎಂದಾದರೆ ಬೇಗ ಹೇಳು.

ಅಂಬಾರಾಯ


ಡೊಂಬಿವಲಿ ಪೂರ್ವ
7 ಡಿಸೆಂಬರ್ 2025

ಪ್ರೀತಿಯ ಅಂಬಾರಾಯ,

ಆಗುತ್ತದೆ! ಅನಘ ಮೇಡಂ ಒಂಬತ್ತು ಚಿತ್ರಗಳನ್ನೂ ಅರ್ಜಿಯ ಜೊತೆ ಹಾಕಿದ್ದಾರೆ. ಸೀಲಾದ ರೆಕಾರ್ಡರನ್ನು ಕೋರ್ಟಿನಲ್ಲೇ ತೆರೆದು ಶಾರ್ಪ್‌ನೆಸ್ ಎಷ್ಟಿದೆ ನೋಡಬೇಕು ಎಂದು ಕೇಳಿದ್ದಾರೆ. ನೂರು ಎಂದು ಕಾಣುತ್ತದೆ, ಕಾಣಲೇಬೇಕು. ಡಿಸೆಂಬರ್ 18ಕ್ಕೆ ತಾರೀಖು. ನಾನು ಸಾಕ್ಷಿ ಹೇಳುತ್ತೇನೆ. ನೀನೇ ಅಲ್ಲವೇ ಗುರುತು ಹಿಡಿದದ್ದು ಎಂದು ಅವರು ಕೇಳುತ್ತಾರೆ, ಕೇಳಲಿ. ನಾನೇ ಕ್ಯಾಮೆರಾ ಕೆಡಿಸಿದೆ, ಅದನ್ನು ನಂಬಿ ನಾನೇ ಮೋಸಹೋದೆ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಈ ಊರಿನಲ್ಲಿ ಆಮೇಲೆ ನನಗೆ ಯಾರೂ ಕೆಲಸ ಕೊಡಲಿಕ್ಕಿಲ್ಲ. ಹಯಗ್ರೀವರು ಜೆರಾಕ್ಸ್ ಅಂಗಡಿಯಲ್ಲಿ ಸ್ಟೂಲು ಹಾಕಿಕೊಡುತ್ತೇನೆ ಎಂದಿದ್ದಾರೆ.

ಹನ್ನೊಂದು ದಿನ ತಡೆದುಕೋ, ನಿನಗೆ ಕೈ ಮುಗಿಯುತ್ತೇನೆ. ಏನನ್ನೂ ಒಪ್ಪಿಕೊಳ್ಳಬೇಡ. ಒಮ್ಮೆ ಒಪ್ಪಿದರೆ ಆಯುಷ್ಯ ಪೂರ್ತಿ ಆ ಹೆಸರು ಹೋಗುವುದಿಲ್ಲ. ಯಾವ ಗೋದಾಮಿನವನೂ ನಿನ್ನನ್ನು ಒಳಗೆ ಬಿಡುವುದಿಲ್ಲ. ನಾಳೆ ಅಪ್ಪಿಯ ಶಾಲೆಯಲ್ಲಿ ಯಾರಾದರೂ ಅಂದರೆ?

ಅನಸೂಯಾ ಮಾತಾಡುತ್ತಾಳೆ ಈಗ. ನೀನು ಬಂದ ದಿನ ಹೋಳಿಗೆ ಮಾಡಬೇಕೆಂದು ಹೂರಣಕ್ಕೆ ಬೇಳೆ ತಂದಿಟ್ಟಿದ್ದಾಳೆ.

ನಿನ್ನ ಭಾವ,
ಗುರುನಾಥ


ಕಾರಾಗೃಹ, ಕಲ್ಯಾಣ
19 ಡಿಸೆಂಬರ್ 2025

ಭಾವ,

ನಿನ್ನ ಪತ್ರ 16ಕ್ಕೇ ಸಿಕ್ಕಿತ್ತು. ಸಿಗಲಿಲ್ಲ ಎಂದು ತಿಳಿಯಬೇಡ, ಓದಿಯೇ ಹೋಗಿದ್ದೆ.

ನಿನ್ನೆ ಸಾಕ್ಷಿಯೆಂದು ನಿನ್ನನ್ನು ವರಾಂಡದಲ್ಲಿ ಕೂರಿಸಿದ್ದರು. ಒಳಗೆ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅನಘ ಮೇಡಂ ಒಂಬತ್ತು ಚಿತ್ರಗಳನ್ನೂ ಮೇಜಿನ ಮೇಲೆ ಹರಡಿ ಚೆನ್ನಾಗಿ ಮಾತಾಡಿದರು. ನ್ಯಾಯಾಧೀಶರು ಒಂದೊಂದನ್ನೂ ಎತ್ತಿ ನೋಡಿದರು. ಹಯಗ್ರೀವರ ಚಿತ್ರ ನೋಡುವಾಗ ಅವರ ಮುಖದಲ್ಲಿ ಸಣ್ಣ ನಗು ಬಂತು. ಬಿಟ್ಟೇಬಿಟ್ಟರು ಅಂದುಕೊಂಡೆ. ಸರ್ಕಾರಿ ವಕೀಲನೂ ನೋಡಿದ. ಅವನು ಜಗಳವಾಡಲೇ ಇಲ್ಲ. ಇದು ತಜ್ಞರು ಹೇಳಬೇಕಾದ ವಿಷಯ, ರೆಕಾರ್ಡರನ್ನು ಇಲ್ಲಿ ತೆರೆಯುವುದು ಬೇಡ, ಲ್ಯಾಬಿಗೆ ಹೋಗಲಿ ಅಂದ. ನ್ಯಾಯಾಧೀಶರು ಸರಿ ಅಂದರು. ವರದಿ ಬರಲು ಎಷ್ಟು ದಿನ ಎಂದು ಕೇಳಿದರು. ಎಂಟು ತಿಂಗಳು, ಹೆಚ್ಚೂ ಆಗಬಹುದು ಅಂದ. ಬೇಲ್ ಕೊಡಿ ಎಂದು ಮೇಡಂ ಕೇಳಿದರು, ವರದಿ ಬಂದ ಮೇಲೆ ನೋಡೋಣ ಎಂದು ಫೈಲ್ ಮುಚ್ಚಿದರು. ನೀನು ಬಿಸಿಲಿಗೆ ಕಾದು ತೆಗೆದ ಚಿತ್ರಗಳೇ ನನಗೆ ಇನ್ನೂ ಎಂಟು ತಿಂಗಳು ತಂದವು. ನಿನ್ನ ತಪ್ಪೆನ್ನುವುದಿಲ್ಲ. ಚಿತ್ರ ಸರಿಯಾಗಿದ್ದವು, ಅದಕ್ಕೇ ಅವನ್ನು ನೋಡಲು ಅಷ್ಟು ದಿನ ಬೇಕು.

ಹೀಗೇ ಆಗುತ್ತದೆ ಎಂದು ಒಳಗೆ ಎಲ್ಲರೂ ಮೊದಲೇ ಹೇಳಿದ್ದರು. ಹಾಗಾದರೆ ಏನು ಹೇಳಬೇಕೆಂದು ಕಲಿತುಕೊಂಡೇ ಹೋಗಿದ್ದೆ. ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಕೈ ಎತ್ತಿದೆ. ಮೇಡಂ ನನ್ನ ತೋಳು ಹಿಡಿದು, "ಥಾಂಬ್, ಥಾಂಬ್" ಅಂದರು. ನಾನು ಕೇಳಲಿಲ್ಲ. ಎಂಟು ತಿಂಗಳ ಶಿಕ್ಷೆ, ಒಳಗಿದ್ದ ದಿನ ಕಳೆದು. 27ಕ್ಕೆ ಬೆಳಿಗ್ಗೆ ಬಿಡುತ್ತಾರೆ. ಹೊರಗೆ ನೀನು ನನ್ನ ಕೈ ಹಿಡಿಯಲು ಬಂದೆ, ನಾನು ಮುಖ ತಿರುಗಿಸಿದೆ. ಸಿಟ್ಟಿನಿಂದಲ್ಲ. ಹನ್ನೊಂದು ದಿನ ತಡೆದುಕೋ ಎಂದು ನೀನು ಕೈ ಮುಗಿದು ಬರೆದಿದ್ದೆ.

ಆ ಒಂಬತ್ತು ಚಿತ್ರಗಳನ್ನು ಅಳಿಸಿಬಿಡು. ಕಂಪ್ಯೂಟರಿನಿಂದ, ಮೊಬೈಲಿನಿಂದ, ಹಯಗ್ರೀವರ ಬಳಿ ಇದ್ದರೆ ಅಲ್ಲಿಂದಲೂ. ಇನ್ನು ಅವನ್ನು ಯಾರಿಗಾದರೂ ತೋರಿಸಿದರೆ ನಾನು ಕೋರ್ಟಿಗೆ ಸುಳ್ಳು ಹೇಳಿದಂತಾಗುತ್ತದೆ. ಮತ್ತೆ ಒಳಗೆ ಹಾಕಿದರೆ ನಾನು ಉಳಿಯುವುದಿಲ್ಲ. ಈ ಕಾಗದವನ್ನು ಓದದೆ ಕಳಿಸುತ್ತೇನೆ ಎಂದು ಸಿಪಾಯಿ ಮಾತು ಕೊಟ್ಟಿದ್ದಾನೆ.

ಇನ್ನೊಂದು ಮಾತು. ಇದನ್ನು ಸುಲೋಚನಾಳಿಗೂ ಹೇಳುವುದಿಲ್ಲ. ಒಪ್ಪಿಕೊಳ್ಳುವ ಮೊದಲು ನ್ಯಾಯಾಧೀಶರು ಪೊಲೀಸರ ಆ ದೊಡ್ಡ ಫೋಟೊವನ್ನು ನನ್ನ ಕೈಗೆ ಕೊಡಿಸಿದರು. ಯಾರಾದರೂ ಹೆದರಿಸಿದ್ದಾರಾ ಎಂದು ಕೇಳಿದರು. ಸರಿಯಾಗಿ ನೋಡಿ ಹೇಳು, "ಹಾ ತೂಚ್ ಆಹೇಸ್ ಕಾ?", ಇದು ನೀನೇನಾ ಎಂದರು. ಎಂಟು ತಿಂಗಳಿಂದ ಅದು ನಾನಲ್ಲ ಎಂದು ಹೇಳಿಕೊಂಡು ಬಂದವನು, ನೋಡಿದೆ. ಸುಳ್ಳು ಹೇಳುವುದು ಕಷ್ಟವಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಟೋಪಿ ನೋಡಿದೆ, ಮೂಗು ನೋಡಿದೆ, ಗೆರೆ ನೋಡಿದೆ. "ಹೋಯ್ ಸಾಹೇಬ್, ಮೀಚ್", ಹೌದು ನಾನೇ ಅಂದೆ. ಭಾವ, ಹಾಗೆ ಅನ್ನುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ.

ಅಂಬಾರಾಯ